ಹೊರಗಿನ ಬೀಗ

ಪಕ್ಕದ ಮನೆಯ ಅವ್ವ ತೀರಿಕೊಂಡಳು ಎಂದು ರಾಯದುರ್ಗದಿಂದ ನನ್ನ ಹಳೇ ಬಾಡಿಗೆ ಮನೆಯ ಮಾಲೀಕರು ಫೋನು ಮಾಡಿದಾಗ ನಾನು ಮೊದಲು ಕೇಳಿದ್ದು, "ನಿಮಗೆ ಯಾರು ಹೇಳಿದ್ರು?" ಎಂದು. ಅವರು, "ಯಾರ್ ಹೇಳೋದೇನ್ರಿ, ನಾನ ಮಣ್ಣಿಗೆ ಹೋಗಿ ಬಂದೀನಿ," ಎಂದರು. ಆಗಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅದಕ್ಕೆ ಕಾರಣವಿದೆ. ಒಮ್ಮೆ ವಿಮೆ ಮಾಡಿಸುವವನೊಬ್ಬ ನಮ್ಮ ಓಣಿಗೆ ಬಂದು ಆಕೆಯ ಹೆಸರು ಹಿಡಿದು ಆಕೆಯನ್ನೇ ವಿಚಾರಿಸಿದ್ದ. ಕಟ್ಟೆಯ ಮೇಲೆ ಕೂತಿದ್ದ ಅವ್ವ ತಲೆಯನ್ನೂ ಎತ್ತದೆ, "ಆಕಿ ಹೋದ ತಿಂಗಳ ಸತ್ಲಪ್ಪ. ಪಾಪ, ಭಾಳ ಒಳ್ಳೇಕಿ," ಎಂದುಬಿಟ್ಟಳು. ಅವನು ಅಯ್ಯೋ ಎಂದು ಮರುಗಿ, ನೀರು ಕೇಳಿ ಕುಡಿದು ಹೋದ. ಹೀಗೆ ಬದುಕಿರುವಾಗಲೇ ಒಂದು ಸಲ ಸತ್ತವಳ ಸಾವನ್ನು ಪೋರ್ಚುಗಲ್ಲಿನ ಸಮುದ್ರದ ದಡದ ಈ ಊರಿನಲ್ಲಿ ಕೂತು ನಾನು ಹೇಗೆ ನಂಬಲಿ?

ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, "ಯಾರ್ ಕೇಳಿದ್ರು? ಯಾಕ ಬರದಿ? ಅದನ್ನ ಓದಾವ್ರು ಯಾರು?" ಎಂದು ಮೂರು ದಿನ ಜೀವ ತಿನ್ನುತ್ತಿದ್ದಳು. ಓಣಿಯವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅಷ್ಟು ಸಾಕು.

ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಕಟ್ಟೆ. ಆಂಧ್ರದ ಗಡಿಯ ಈ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳಿಗೆ ಲೆಕ್ಕವಿಲ್ಲ. ಹೊಲಿದ ಪ್ಯಾಂಟುಗಳಲ್ಲಿ ಜೋತುಬಿದ್ದ ದಾರದ ತುಣುಕುಗಳನ್ನು ಕತ್ತರಿಸುವ ಕೆಲಸ ಹೆಂಗಸರ ಮನೆಗೆ ಬರುತ್ತದೆ. ಬೆಳಿಗ್ಗೆ ಆಟೋದವನು ಮೂಟೆ ಎಸೆದು ಹೋದರೆ ಸಂಜೆಯವರೆಗೆ ಅವ್ವ ಆ ನೀಲಿ ರಾಶಿಯ ಮಧ್ಯೆ ಕೂತು ಸಣ್ಣ ಕತ್ತರಿ ಆಡಿಸುತ್ತಿದ್ದಳು. ಪ್ರತಿ ಪ್ಯಾಂಟಿನ ನಾಲ್ಕೂ ಜೇಬಿಗೆ ಕೈ ಹಾಕಿ ನೋಡದೆ ಕತ್ತರಿ ಮುಟ್ಟುತ್ತಿರಲಿಲ್ಲ. "ಹೊಸಾ ಪ್ಯಾಂಟಿನ ಜೇಬಲ್ಲಿ ಏನಿರುತ್ತವ್ವ?" ಎಂದು ಕೇಳಿದ್ದಕ್ಕೆ, "ಏನೂ ಇರಂಗಿಲ್ಲ ಅಂತ ಹೆಂಗ್ ಹೇಳ್ತಿ? ಯಾವನಾರ ಏನಾರ ಇಟ್ಟು ನಾಳಿ ನನ್ನ ಮ್ಯಾಲ ಹಾಕಿದ್ರ?" ಎಂದಳು. ಗ್ಯಾಸ್ ಸಿಲಿಂಡರನ್ನು ಅಲುಗಾಡಿಸಿ ಕಿವಿಗೊಟ್ಟು ಕೇಳುತ್ತಿದ್ದಳು. ಕರೆಂಟಿನ ಮೀಟರು ನೋಡಲು ಬಂದವನ ಹಿಂದೆಯೇ ನಿಂತು, ಅವನು ನೋಡಿದ್ದನ್ನೆಲ್ಲ ತಾನೂ ನೋಡುತ್ತಿದ್ದಳು. ಓದಲು ಬಾರದು, ಆದರೂ ನೋಡುತ್ತಿದ್ದಳು. ಹಬ್ಬಕ್ಕೆ ಹೋಳಿಗೆ ಕೊಟ್ಟರೆ, "ನಿಮ್ಮನ್ಯಾಗ ಉಳೀತೇನು?" ಎಂದು ಕೇಳಿಯೇ ಬಾಯಿಗೆ ಹಾಕುತ್ತಿದ್ದಳು.

ಇಂಥವಳ ಗೋಡೆಯ ಪಕ್ಕಕ್ಕೆ ನಾನು ಬಂದು ಬಿದ್ದೆ. ನಾನು ಮಡಕಶಿರದ ಕಡೆಯವಳು, ಅಮರಾಪುರದ ಹತ್ತಿರದ ಹಳ್ಳಿ. ಮದುವೆ ಮುರಿದ ಮೇಲೆ ರಾಯದುರ್ಗದ ಒಂದು ಗಾರ್ಮೆಂಟಿನಲ್ಲಿ ಪ್ಯಾಟರ್ನ್ ತೆಗೆಯುವ ಕೆಲಸ ಹಿಡಿದೆ. ಪ್ಯಾಟರ್ನ್ ಎಂದರೆ ಬಟ್ಟೆ ಕತ್ತರಿಸುವ ಮುಂಚೆ ಬೇಕಾಗುವ ಅಳತೆಯ ನಕ್ಷೆ. ಕೊರೊನಾ ಬಂದು ಗಾರ್ಮೆಂಟು ಮುಚ್ಚಿದಾಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದನ್ನು ಕಲಿತು, ಇಂಗ್ಲೆಂಡಿನ ಒಂದು ಸಣ್ಣ ಬಟ್ಟೆ ಕಂಪನಿಗೆ ಮನೆಯಿಂದಲೇ ಮಾಡತೊಡಗಿದೆ. ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಾಣದ ಯಾರೊಂದಿಗೋ ಇಂಗ್ಲಿಷಿನಲ್ಲಿ ಮಾತಾಡಿ ನಗುವ ಒಂಟಿ ಹೆಂಗಸು. ಅವ್ವನ ಕತ್ತರಿ ಅಲ್ಲೇ ನಿಂತಿತು.

"ಏನ್ ತಂಗಿ, ಆಫೀಸಿಲ್ಲ, ಸಾವ್ಕಾರಿಲ್ಲ, ಮೂಟಿ ಬರಂಗಿಲ್ಲ, ಹೋಗಂಗಿಲ್ಲ. ಅದೇನ್ ಕೆಲ್ಸ?"

"ಪ್ಯಾಂಟಿನ ಅಳತೆ ತೆಗೀತೀನವ್ವ."

"ಯಾರ್ ಪ್ಯಾಂಟು?"

"ಇಂಗ್ಲೆಂಡಿನೋರ್ದು."

"ಅವ್ರು ಅಲ್ಲದಾರ, ನೀ ಇಲ್ಲದೀ. ಅಳತಿ ಹೆಂಗ್ ತಗೀತಿ?"

ನಾನು ಲ್ಯಾಪ್‌ಟಾಪು ತಂದು ತೋರಿಸಿದೆ. ಗೆರೆಗಳನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಗೆರೆ ನೋಡಿದಳು. "ಇರ್ಲಿ ಬಿಡು," ಎಂದಳು. ಆ "ಇರ್ಲಿ ಬಿಡು" ಇದೆಯಲ್ಲ, ಅದು ಆಕೆಯ ಬಾಯಲ್ಲಿ ಕ್ಷಮೆಯಲ್ಲ. ಸದ್ಯಕ್ಕೆ ಬಿಟ್ಟಿದ್ದೇನೆ, ಆಮೇಲೆ ವಿಚಾರಿಸಿಕೊಳ್ಳುತ್ತೇನೆ ಎಂದು ಅರ್ಥ.

ಮಡಕಶಿರದವಳೆಂಬುದೂ ಆಕೆಗೆ ಅನುಮಾನಕ್ಕೆ ಒಂದು ದಾರಿಯಾಯಿತು. "ನಿಮ್ಮೂರು ಆಂಧ್ರ ಅಂತೀರಿ, ಸುತ್ತಲೂ ಕರ್ನಾಟಕ ಅಂತೀರಿ, ಮಾತು ನೋಡಿದ್ರ ಸಿರಾದೋರ ಹಂಗ ಮಾತಾಡ್ತೀರಿ. ಯಾವ್ದು ಖರೆ?" ಎಂದು ಕೇಳಿದ್ದಳು. ಎಲ್ಲವೂ ಖರೆ ಎಂದರೆ ನಂಬುವವಳಲ್ಲ.

ಆದರೂ ಆಕೆಯ ಜೊತೆ ಇದ್ದೂ ಇದ್ದೂ ನನಗೂ ಆ ಗಾಳಿ ತಗುಲಿತು. "ಗೊತ್ತಿಲ್ದ ನಂಬರ್ ಎತ್ತಬ್ಯಾಡ" ಎಂದು ಆಕೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಹೊಸ ನಂಬರಿನಿಂದ ಫೋನು ಬಂದರೆ ಅದು ಬಡಿದುಕೊಂಡು ಸುಮ್ಮನಾಗುವವರೆಗೆ ದಿಟ್ಟಿಸಿ ನೋಡುತ್ತಾ ಕೂರುತ್ತಿದ್ದೆ. ಆ ಅಭ್ಯಾಸ ನನಗೆ ಯಾವ ಗತಿ ತರುತ್ತದೆಂದು ಆಗ ಗೊತ್ತಿರಲಿಲ್ಲ.

ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರು ತಮ್ಮಲ್ಲಿ ಬಂದು ವಾಸ ಮಾಡಬಹುದು ಎಂದು ಪೋರ್ಚುಗಲ್ ವೀಸಾ ಕೊಡುತ್ತದೆಂದು ನನಗೆ ಹೇಳಿದ್ದು ಕಂಪನಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಗಳು. ನನಗೆ ಅದು ತಲೆಗೆ ಹತ್ತಿಬಿಟ್ಟಿತು. ಕೆಲಸ ಇದೇ, ಸಂಬಳ ಇದೇ, ಕೂರುವ ಜಾಗ ಮಾತ್ರ ಬೇರೆ. ಕಿಟಕಿ ತೆಗೆದರೆ ಸಮುದ್ರ. ನಾನು ಸಮುದ್ರವನ್ನೇ ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಓದು ಬಿಡಿಸಿದ್ದು, ಮದುವೆ ಮಾಡಿದ್ದು, ಮುರಿದು ಬಂದ ಮೇಲೆ ಮತ್ತೊಂದು ಗಂಡು ನೋಡತೊಡಗಿದ್ದು, ಎಲ್ಲವೂ ನಮ್ಮವರ ತೀರ್ಮಾನವೇ. ಇದೊಂದು ಮಾತ್ರ ನನ್ನದು. ಇದು ತಪ್ಪಿದರೆ ಮತ್ತೆ ನನ್ನ ಮಾತು ಯಾರೂ ಕೇಳುವುದಿಲ್ಲ, ನಾನೂ ಆಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅವ್ವನಿಗೆ ಹೇಳಿದೆ. ಆಕೆ ಕತ್ತರಿ ಕೆಳಗಿಟ್ಟಳು.

"ಅಲ್ಲಿ ಕೆಲ್ಸ ಕೊಡ್ತಾರೇನು?"

"ಇಲ್ಲವ್ವ, ಕೆಲ್ಸ ನಂದೇ. ಅಲ್ಲಿ ಇರೋಕೆ ಬಿಡ್ತಾರೆ ಅಷ್ಟೇ."

"ಕೆಲ್ಸ ಕೊಡಂಗಿಲ್ಲ, ಬಾ ಇರು ಅಂತಾರ. ಯಾಕ?"

ಈ "ಯಾಕ"ಕ್ಕೆ ಮರುದಿನ ಆಕೆ ತಾನೇ ಉತ್ತರ ಹುಡುಕಿಕೊಂಡು ಬಂದಳು: "ಕಿಡ್ನಿ." ನಾನು ನಕ್ಕೆ. "ನಗಬ್ಯಾಡ. ನಿನ್ನ ರಕ್ತದ ಗುಂಪು ಕೇಳ್ಯಾರೇನು ನೋಡು," ಎಂದಳು. ಅಲ್ಲಿ ನಾನು ಹಿಡಿಯಲಿದ್ದ ಬಾಡಿಗೆ ಕೋಣೆಯ ಒಡತಿಯೊಡನೆ ವಿಡಿಯೋದಲ್ಲಿ ಮಾತಾಡುವಾಗ ನನ್ನ ಹೆಗಲ ಹಿಂದೆ ಕೂತು ಎಲ್ಲ ನೋಡಿದಳು. "ಮಂಚದ ಕೆಳಗ ತೋರ್ಸು ಅನ್ನು," ಎಂದಳು. ನಾನು ನಾಚಿಕೆ ಬಿಟ್ಟು ಕೇಳಿದೆ. ಆ ಹೆಂಗಸು ನಗುತ್ತಾ ತೋರಿಸಿದಳು. ಫೋನು ಇಟ್ಟ ಮೇಲೆ ಅವ್ವನ ತೀರ್ಪು ಬಂತು: "ಕ್ವಾಣಿ ಚಲೋ ಐತಿ. ಆಕಿ ನಗಾದು ಜಾಸ್ತಿ ಆತು."

ವೀಸಾಕ್ಕೆ ಕೇಳಿದ್ದನ್ನೆಲ್ಲ ಹೊಂದಿಸಿದೆ. ಕಂಪನಿಯ ಪತ್ರ, ಬ್ಯಾಂಕಿನದು, ವಿಮೆ, ಕೋಣೆಯದು. ಉಳಿದಿದ್ದು ಒಂದೇ: ಇವಳ ಮೇಲೆ ಯಾವ ಕೇಸೂ ಇಲ್ಲ, ಹೇಳಿದ ವಿಳಾಸದಲ್ಲೇ ಇದ್ದಾಳೆ ಎಂದು ಪೊಲೀಸರು ವಿಚಾರಣೆ ಮಾಡಿ ಕೊಡುವ ಸರ್ಟಿಫಿಕೇಟು. ನನ್ನ ಪಾಸ್‌ಪೋರ್ಟು ಹಳ್ಳಿಯ ವಿಳಾಸದ್ದು, ವಾಸ ರಾಯದುರ್ಗದ್ದು. ಹಾಗಾಗಿ ವಿಚಾರಣೆ ಎರಡೂ ಕಡೆ ನಡೆಯಬೇಕು. ಬೆಂಗಳೂರಿನಲ್ಲಿ ವೀಸಾ ಅರ್ಜಿ ಕೊಡುವ ದಿನ ಗೊತ್ತಾಗಿತ್ತು. ಅಷ್ಟರೊಳಗೆ ಅದು ಕೈಗೆ ಬರಲೇಬೇಕು. ಬಾರದಿದ್ದರೆ ಕೋಣೆಯೂ ಹೋಗುತ್ತದೆ, ಮತ್ತೆ ದಿನ ಸಿಕ್ಕುವುದು ಯಾವಾಗಲೋ.

ಹಳ್ಳಿಯ ವಿಚಾರಣೆ ಸಲೀಸಾಗಿ ಆಯಿತು. ಪೊಲೀಸರು ಬರುತ್ತಿದ್ದಂತೆ ನಮ್ಮ ದೊಡ್ಡಪ್ಪ ಕುರ್ಚಿ ಹಾಕಿ ಕೂರಿಸಿ, ಟೀ ಕೊಟ್ಟು, ಕೇಳಿದ್ದನ್ನೂ ಕೇಳದ್ದನ್ನೂ ಹೇಳಿದ್ದ. "ನಮ್ಮ ತಮ್ಮನ ಮಗ್ಳೇ ಸಾರ್. ಗಂಡನ್ನ ಬಿಟ್ಟು ಬಂದವ್ಳೆ. ಹೇಳಿದ್ ಮಾತು ಕೇಳಾಕಿಲ್ಲ. ಈಗ ದೇಶ ಬಿಟ್ಟು ಹೋಯ್ತಳಂತೆ," ಎಂದನಂತೆ. ಫೋನಿನಲ್ಲಿ ನನಗೆ ಅದನ್ನು ಹೆಮ್ಮೆಯಿಂದಲೇ ವರದಿ ಮಾಡಿದ. ಒಂದೂ ಸುಳ್ಳಲ್ಲ. ಆದರೂ ಮೈಯೆಲ್ಲ ಉರಿಯಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ ನಾನು ಹೆಡ್‌ಫೋನು ಹಾಕಿಕೊಂಡು ಉದ್ದದ ಮೀಟಿಂಗಿನಲ್ಲಿದ್ದೆ. ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು, ಎಂದಿನಂತೆ ಎತ್ತಲಿಲ್ಲ. ಮೀಟಿಂಗು ಮುಗಿಸಿ ಅಗುಳಿ ತೆಗೆದು ಬಾಗಿಲು ಎಳೆದರೆ ಬರಲಿಲ್ಲ. ಇನ್ನೊಮ್ಮೆ ಎಳೆದೆ. ಸಂದಿಯಲ್ಲಿ ಇಣುಕಿದರೆ ಯಾರೋ ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದಿದ್ದರು. "ಅವ್ವಾ, ಅವ್ವಾ" ಎಂದು ಕೂಗಿದೆ. ಸ್ವಲ್ಪ ಹೊತ್ತಿಗೆ ಕೀಲಿಕೈ ತಿರುಗಿದ ಸದ್ದಾಯಿತು. ಅವ್ವ ನಿಂತಿದ್ದಳು, ಕೈಯಲ್ಲಿ ತನ್ನ ಹಳೇ ಹಿತ್ತಾಳೆ ಬೀಗ.

"ಯಾಕವ್ವ ಬೀಗ ಹಾಕಿದ್ದೆ?"

"ಗಾಳಿಗೆ ಬಾಗ್ಲಾ ಬಡಕೊಂತಿತ್ತು," ಎಂದಳು. ಅತ್ತಿತ್ತ ನೋಡಿ ತನ್ನ ರಾಶಿಗೆ ಹೋಗಿ ಕೂತಳು.

ಬಾಗಿಲಿಗೆ ನಾನು ಒಳಗಿನಿಂದ ಅಗುಳಿ ಹಾಕಿದ್ದೆ. ಅದು ಎಲ್ಲಿಂದ ಬಡಿದುಕೊಳ್ಳಬೇಕು? ಆ ಸಂಜೆಯೆಲ್ಲ ಯೋಚಿಸಿದೆ. ನನ್ನನ್ನು ಕೂಡಿ ಹಾಕಿ ಏನು ನೋಡುತ್ತಿದ್ದಳು? ಒಳಗೆ ಯಾರಾದರೂ ಇದ್ದಾರೆಂದು ಕಾದಿದ್ದಳೇ? ಅಲ್ಲಿಂದ ಮುಂದೆ ಆಕೆ ನನ್ನನ್ನು ನೋಡುವ ಹಾಗೆ ನಾನೂ ಆಕೆಯನ್ನು ನೋಡತೊಡಗಿದೆ. ಕಟ್ಟೆಯ ಮೇಲೆ ಇಬ್ಬರೂ ಕೂತರೆ ಎರಡು ಬೆಕ್ಕು ಕೂತ ಹಾಗಿತ್ತು.

ಕೆಲವು ದಿನ ಕಳೆದು ಮೊಬೈಲಿಗೆ ಸಂದೇಶ ಬಂತು: ವಿಚಾರಣೆಯ ವರದಿ ನಿಮಗೆ ವಿರುದ್ಧವಾಗಿದೆ. ಠಾಣೆಗೆ ಓಡಿದೆ. ಅಲ್ಲಿ ದಾಖಲೆ ಬರೆಯುವ ಪೊಲೀಸಿನವರು, ಅಂದರೆ ರೈಟರು, ಮರ್ಯಾದಸ್ತ ಮನುಷ್ಯ, ತಾಳ್ಮೆಯಿಂದ ತೆಲುಗಿನಲ್ಲಿ ವಿವರಿಸಿದರು. ಕಾನ್‌ಸ್ಟೇಬಲ್ ಬಂದಿದ್ದರಂತೆ, ಫೋನು ಮಾಡಿದರೆ ನಾನು ಎತ್ತಲಿಲ್ಲವಂತೆ. ಮನೆಗೆ ಬೀಗ ಬಿದ್ದಿತ್ತಂತೆ. ಪಕ್ಕದ ಮನೆಯ ಮುದುಕಿ, ಇಲ್ಲಿ ಅಂಥವರು ಯಾರೂ ಇಲ್ಲ, ಮನೆ ಖಾಲಿಯಾಗಿ ಎಷ್ಟೋ ಕಾಲವಾಯಿತು ಎಂದಳಂತೆ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅವ್ವ ಕಟ್ಟೆಯ ಮೇಲೇ ಇದ್ದಳು.

"ನಾನು ಹೋಗೋದು ನಿನಗೆ ಇಷ್ಟ ಇಲ್ದಿದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು," ಎಂದೆ. "ಹೊಟ್ಟೆಕಿಚ್ಚಾ ನಿನಗೆ? ನಿನಗೇನು ಅನ್ಯಾಯ ಮಾಡಿದ್ದೆ ನಾನು?"

ಆಕೆ ನನ್ನನ್ನೇ ನೋಡಿದಳು. "ಪೊಲೀಸು ಬಂದಿದ್ದ," ಎಂದಳು, ಅದರಲ್ಲೇ ಎಲ್ಲ ಉತ್ತರವಿದೆ ಎಂಬಂತೆ. "ಕೈಯಾಗ ನಿನ್ ಫೋಟೊ ಇತ್ತು. ಈಕಿ ಎಲ್ಲದಾಳ ಅಂದ. ನಾ ಬಿಟ್ಟು ಕೊಡ್ತೀನೇನು? ದೂರದಾಗ ಬರಾಕತ್ತಿದ್ದಾಗ ಕಂಡು ನಿನ್ ಬಾಗ್ಲಕ್ಕ ಬೀಗ ಜಡದೆ. ನೀ ಒಳಗ ನಕ್ಕೋಂತ ಕುಂತಿದ್ದಿ. ನಿನ್ ನಗಿ ಎಲ್ಲಿ ಕೇಳೀತೋ ಅಂತ ನಾ ಇಲ್ಲಿ ಜೋರಾಗಿ ಕೆಮ್ಮಿ ಕೆಮ್ಮಿ ಸಾಕಾದೆ."

ನನಗೆ ನಗು ಬಂತೋ ಅಳು ಬಂತೋ ತಿಳಿಯದೆ ಆ ಪ್ಯಾಂಟಿನ ರಾಶಿಯ ಮೇಲೇ ಕೂತುಬಿಟ್ಟೆ. ನನ್ನ ಕೆಲಸವೇ ಕಳ್ಳ ಕೆಲಸ ಎಂದು ಆಕೆಗೆ ಮೊದಲಿನಿಂದಲೂ ಅನುಮಾನ. ಇವತ್ತಲ್ಲ ನಾಳೆ ಪೊಲೀಸರು ಬರುತ್ತಾರೆ ಎಂದೇ ಕಾದಿದ್ದಳು. ಬಂದಾಗ ನನ್ನನ್ನು ಬಚ್ಚಿಡಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿದ್ದಳು. ಅನುಮಾನ ಬೇರೆ, ಬಿಟ್ಟುಕೊಡುವುದು ಬೇರೆ.

ಅವತ್ತೇ ಆಕೆ ತನ್ನ ಗಂಡನ ವಿಷಯ ಹೇಳಿದ್ದು. ಬೆಳುಗುಪ್ಪದ ಕಡೆ ಕುರಿ ಮೇಯಿಸಿಕೊಂಡಿದ್ದ ಮನುಷ್ಯ. ಯಾರದೋ ಕುರಿ ಕಳುವಾಗಿತ್ತು. ಪೊಲೀಸರು ಬಂದು ಪಕ್ಕದ ಮನೆಯವಳನ್ನು ಕೇಳಿದರು. ಆಕೆ, "ಒಳಗದಾನ್ರಿ, ಉಣ್ಣಾಕ ಕುಂತಾನ," ಎಂದಳು. ನಿಜವನ್ನೇ ಹೇಳಿದಳು. ಕುರಿ ಕದ್ದವರು ಬೇರೆ ಎಂದು ಆಮೇಲೆ ಗೊತ್ತಾಯಿತು. ಆದರೆ ಆತ ತಿರುಗಿ ಬಂದಾಗ ಮೊದಲಿನ ಮನುಷ್ಯನಾಗಿರಲಿಲ್ಲ. "ಎಡಿ ಮುಂದ ಕುಂತಾವ್ನ ಎಬ್ಬಿಸ್ಕೊಂಡು ಹೋದ್ರು," ಎಂದಷ್ಟೇ ಹೇಳಿ ಮತ್ತೆ ಕತ್ತರಿ ಎತ್ತಿಕೊಂಡಳು.

ಪಕ್ಕದ ಮನೆಯವರು ಠಾಣೆಗೆ ಬಂದು, ಈಕೆ ಇಲ್ಲೇ ಇದ್ದಾಳೆ, ಅವತ್ತು ಹೇಳಿದ್ದು ತಪ್ಪು ಎಂದು ಬರೆಸಿಕೊಟ್ಟರೆ ಮತ್ತೆ ವರದಿ ಕಳಿಸುತ್ತೇವೆ ಎಂದು ರೈಟರು ಹೇಳಿದ್ದರು. ಅದನ್ನು ಅವ್ವನಿಗೆ ಹೇಳಿದೆ. "ನಾ ಆ ಮೆಟ್ಲಾ ಹತ್ತಂಗಿಲ್ಲ," ಎಂದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡನ ಕಥೆ ಕೇಳಿದ ಮೇಲೆ ನಾನು ಆ ಬಾಗಿಲು ಬಡಿಯದೆ ನನ್ನ ಮನೆಗೆ ಬಂದೆ. ಆಯಿತು, ನನ್ನ ಸಮುದ್ರ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ದೊಡ್ಡಪ್ಪ ನೋಡಿದ ಗಂಡಿನ ಮುಖ ಕಣ್ಣ ಮುಂದೆ ಬಂತು.

ಬೆಳಿಗ್ಗೆ ಬಾಗಿಲು ತೆಗೆದರೆ ಅವ್ವ ಇಳಕಲ್ ಸೀರೆ ಉಟ್ಟುಕೊಂಡು ನಿಂತಿದ್ದಳು. ಕೈಯಲ್ಲಿ ವೈರಿನ ಚೀಲ. "ನಡಿ," ಎಂದಳು. ಠಾಣೆಯ ಮೆಟ್ಟಿಲಲ್ಲಿ ನನ್ನ ಮೊಣಕೈ ಹಿಡಿದುಕೊಂಡಳು.

ರೈಟರು ಕೂರಲು ಹೇಳಿದರು, ಕೂರಲಿಲ್ಲ. ಟೀ ತರಿಸಿದರು, ಮುಟ್ಟಲಿಲ್ಲ. "ಏನಮ್ಮ, ಮನುಷ್ಯರು ಒಳಗಿರುವಾಗಲೇ ಖಾಲಿ ಅಂದೆಯಂತೆ?" ಎಂದು ಅವರು ಕೇಳಿದರು. ಅವ್ವ ಚೀಲದಿಂದ ಆ ಹಿತ್ತಾಳೆ ಬೀಗ ತೆಗೆದು ಅವರ ಮೇಜಿನ ಮೇಲೆ ಟಪ್ಪೆಂದು ಇಟ್ಟಳು.

"ಇದ ನೋಡ್ರಿ ಆ ಬೀಗ. ನಾನ ಹಾಕಿದ್ದೆ. ಈಕಿದೇನೂ ತಪ್ಪಿಲ್ಲ."

"ಯಾಕೆ ಹಾಕಿದೆ?"

"ನಿಮ್ಮೋರು ಕೇಳಿದ್ದು ಸರಿ ಇರ್ಲಿಲ್ರಿ. ಈಕಿಗೆ ಹೊರದೇಶಕ್ಕ ಹೋಗಾಕ ಚೀಟಿ ಕೊಡ್ತೀವಿ ಅಂತ ಅನ್ನಬೇಕಿತ್ತು. ಬಂದವ್ರ ಎಲ್ಲದಾಳ ಅಂತ ಕೇಳಿದ್ರ ಯಾರ್ ಹೇಳ್ತಾರ?"

ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ನಕ್ಕುಬಿಟ್ಟ. ರೈಟರು ನಗಲಿಲ್ಲ. "ಈಕೆ ಎಂಥವಳು? ಏನು ಕೆಲಸ ಮಾಡುತ್ತಾಳೆ?" ಎಂದರು.

"ಒಳ್ಳೇಕಿ ಅದಾಳ್ರಿ. ಬಾಗ್ಲಾ ಹಾಕ್ಕೊಂಡು ಒಬ್ಬಾಕೀನ ನಗ್ತಾಳ, ಅಷ್ಟ. ಕೆಲ್ಸದ್ದು ಮಾತ್ರ ನನ್ನ ಕೇಳಬ್ಯಾಡ್ರಿ. ಅದು ನನಗ ಇನ್ನೂ ಅನುಮಾನ ಐತಿ."

ರೈಟರು ಮೀಸೆಯಲ್ಲೇ ನಕ್ಕು ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಲೇ ಎಂದು ಆಕೆಯನ್ನು ಕೇಳಿದರು. ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮುಂಚೆ ಮೂರು ಜನರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ ಹೆಂಗಸು ಅವ್ವ. ನನ್ನ ಕಡೆ ಒಂದು ಸಲ ನೋಡಿದಳು. "ಬ್ಯಾಡ ಬಿಡ್ರಿ," ಎಂದು ಹೇಳಿ ಹೆಬ್ಬೆಟ್ಟು ಮುಂದೆ ಚಾಚಿದಳು. ನನಗೆ ಅಲ್ಲೇ ಅಳು ಬಂತು. "ಇಲ್ಲಿ ಅಳಬ್ಯಾಡ, ಅನುಮಾನ ಪಡ್ತಾರ," ಎಂದು ಪಿಸುಗುಟ್ಟಿದಳು.

ಸರ್ಟಿಫಿಕೇಟು ಬಂತು. ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟೆ, ಕಾದೆ, ವೀಸಾ ಬಂತು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ಅದನ್ನು ಅವ್ವ ಬೆಳಕಿಗೆ ಹಿಡಿದು ನೋಡಿದಳು, ಉಗುರಿನಿಂದ ಮೂಲೆ ಕೆರೆದು ನೋಡಿದಳು. ನಾನು ಕಿರುಚಿಕೊಂಡು ಕಿತ್ತುಕೊಂಡೆ. "ಗಟ್ಟಿ ಐತಿ," ಎಂದಳು.

ಹೊರಡುವ ದಿನ ಆಕೆ ಎಲ್ಲಿಗೆ ಎನ್ನಲಿಲ್ಲ, ಯಾವಾಗ ಬರುತ್ತೀ ಎಂದೂ ಕೇಳಲಿಲ್ಲ. ಹೊರಟವರನ್ನು ಹಾಗೆ ಕೇಳಬಾರದು ಎನ್ನುವವಳು. ಆ ಹಿತ್ತಾಳೆ ಬೀಗವನ್ನೂ ಕೀಲಿಕೈಯನ್ನೂ ಬಟ್ಟೆಯಲ್ಲಿ ಸುತ್ತಿ ನನ್ನ ಬ್ಯಾಗಿಗೆ ತುರುಕಿದಳು.

"ಅಲ್ಲಿ ಬಾಗಿಲಿಗೇ ಬೀಗ ಇರುತ್ತವ್ವ, ಇದ್ಯಾಕೆ?"

"ಯಾರಾರ ಕೇಳ್ಕೊಂತ ಬಂದ್ರ ಬೇಕಾಗ್ತೈತಿ. ನೀ ಒಳಗ ಸುಮ್ನ ಕುಂದ್ರು. ನಗಬ್ಯಾಡ. ಹೊರಗ ಹಾಕ್ಕೊಡಾಕ ಒಬ್ರನ್ನ ನೋಡಿ ಇಟ್ಕೊ."

ಇಲ್ಲಿಗೆ ಬಂದ ಮೇಲೆ, ಈ ವಿಳಾಸದಲ್ಲಿ ವಾಸವಿದ್ದೇನೆ ಎಂದು ಬಡಾವಣೆಯ ಕಚೇರಿಯಿಂದ ಪತ್ರ ಬೇಕಾಯಿತು. ಅದಕ್ಕೆ ಅಕ್ಕಪಕ್ಕದ ಇಬ್ಬರು ಸಾಕ್ಷಿ ಹೇಳಬೇಕಂತೆ. ಇಲ್ಲೂ ಅದೇ! ಒಬ್ಬ ಸಾಕ್ಷಿ ಮನೆಯೊಡತಿಯ ಅಣ್ಣ. ಇನ್ನೊಬ್ಬಳು ಎದುರು ಬಾಗಿಲಿನ ವಯಸ್ಸಾದ ಹೆಂಗಸು. ನಾನು ಬಂದು ಹೆಚ್ಚು ದಿನವಾಗಿರಲಿಲ್ಲ, ನನ್ನ ಹೆಸರೂ ಆಕೆಗೆ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದ ಕೂಡಲೇ ನಗುತ್ತಾ, ಹೌದು, ಇಲ್ಲೇ ಇದ್ದಾಳೆ ಎಂದು ಸಹಿ ಹಾಕಿಬಿಟ್ಟಳು. ಒಳ್ಳೆಯ ಹೆಂಗಸು. ನನ್ನ ಕೆಲಸವಾಯಿತು. ಆದರೆ ಮೆಟ್ಟಿಲು ಇಳಿಯುತ್ತಾ ನನಗೆ ಆಕೆಯ ಮೇಲೆ ಅನುಮಾನ ಬಂತು. ಯಾರು ಕೇಳಿದರೂ ಇವಳು ಹೀಗೇ ಹೇಳಿಬಿಡುತ್ತಾಳಲ್ಲ ಎನಿಸಿತು.

ರಾಯದುರ್ಗದ ಮನೆ ಮಾಲೀಕರು ಫೋನು ಇಟ್ಟ ಮೇಲೆ ಅವ್ವನ ಹಿತ್ತಾಳೆ ಬೀಗವನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಯಾರೋ ಬಾಗಿಲ ಗಂಟೆ ಬಾರಿಸಿದರು. ಯಾರಿಗೂ ಇಂಥ ಹೊತ್ತಿಗೆ ಬನ್ನಿ ಎಂದು ನಾನು ಹೇಳಿರಲಿಲ್ಲ. ಎದುರು ಬಾಗಿಲಿನ ಹೆಂಗಸು ಹೊರಗೆ ಬಂದು ಯಾರಿಗೋ, ಇದ್ದಾಳೆ, ಒಳಗೇ ಇದ್ದಾಳೆ ಎನ್ನುತ್ತಿದ್ದುದು ಕೇಳಿಸಿತು. ಅಷ್ಟು ಪೋರ್ಚುಗೀಸು ನನಗೀಗ ಬರುತ್ತದೆ. ನಾನು ಕೂತೇ ಇದ್ದೆ. ಅವರು ಇನ್ನೊಮ್ಮೆ ಬಾರಿಸಿದರು. ಬೀಗ ನನ್ನ ಹತ್ತಿರವೇ ಇತ್ತು. ಹೊರಗಿನಿಂದ ಹಾಕುವವರು ಇರಲಿಲ್ಲ.